ಜೈಲಲ್ಲೇ ಕೂತು ಗೆದ್ದ ಮಂಗಳೂರಿನವರು, ಓಟೇ ಇಲ್ಲದ ಸ್ಟೂಡೆಂಟ್ಸ್: 1977ರ ಎಲೆಕ್ಷನ್‌ನಿಂದ ನಮಗೆ ಸಿಕ್ಕಿದ್ದೆಂತ

1977ರ ಮಾರ್ಚಲ್ಲಿ ಒಂದು ವಿಚಿತ್ರ ನಡೀತು. ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ದಿಲ್ಲಿಯ ತಿಹಾರ್ ಜೈಲಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಲ್ಲಿ ಮೂರು ಲಕ್ಷಕ್ಕಿಂತ ಜಾಸ್ತಿ ಓಟಿನ ಅಂತರದಲ್ಲಿ ಗೆದ್ರು, ಪ್ರಚಾರಕ್ಕೆ ಹೋಗ್ಲಿಕ್ಕೆ ಬಿಡ್ಲೇ ಇಲ್ಲ, ಕೈಕೋಳ ಹಾಕಿದ ಕೈ ಮೇಲೆತ್ತಿದ ಅವರ ಒಂದು ಫೋಟೋನೇ ಅಲ್ಲಿ ಪ್ರಚಾರ ಮಾಡಿದ್ದು. ಅದೇ ಎಲೆಕ್ಷನ್ನಲ್ಲಿ ಅವರು ಹುಟ್ಟಿದ ಊರು ಎಂತ ಮಾಡ್ತು ಗೊತ್ತುಂಟಾ? ಅವರನ್ನು ಜೈಲಿಗೆ ಹಾಕಿದ ಪಾರ್ಟಿಯನ್ನೇ ಗೆಲ್ಲಿಸ್ತು. ಮಂಗಳೂರಲ್ಲಿ ಕಾಂಗ್ರೆಸ್ಸಿನ ಜನಾರ್ದನ ಪೂಜಾರಿ, ಉಡುಪಿಯಲ್ಲಿ ಕಾಂಗ್ರೆಸ್ಸಿನ ಟಿ.ಎ. ಪೈ. ಇಡೀ ಕರ್ನಾಟಕದ 28 ಸೀಟಲ್ಲಿ 26 ಕಾಂಗ್ರೆಸ್ಸಿಗೆ.

ಹಾಗಾಗಿ 1977 ಅಂದ್ರೆ "ಜನ ಇಂದಿರಾ ಗಾಂಧಿಗೆ ಬುದ್ಧಿ ಕಲಿಸಿದ ವರ್ಷ" ಅಂತ ಒಂದು ಮಾರ್ಕಿನ ಉತ್ತರ ಬರೆದು ಮುಗಿಸ್ಲಿಕ್ಕೆ ನಮ್ಮ ಕಡೆಯವರಿಗಂತೂ ಆಗುವುದಿಲ್ಲ, ಯಾಕಂದ್ರೆ ನಮ್ಮ ಅಜ್ಜ ಅಜ್ಜಿಯರು ಬುದ್ಧಿ ಕಲಿಸ್ಲಿಕ್ಕೆ ಓಟು ಹಾಕಿದ್ದೇ ಅಲ್ಲ. ಆದ್ರೂ ಆ ಎಲೆಕ್ಷನ್ನಿಂದ ಬಂದ ಲಾಭ ಅವರಿಗೂ ಸಿಕ್ಕಿತು, ನಮಗೂ ಸಿಗ್ತಾ ಉಂಟು. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ.

ಮೊದ್ಲು ಎಮರ್ಜೆನ್ಸಿ. 1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟಿನ ಜಗಮೋಹನ್‌ಲಾಲ್ ಸಿನ್ಹಾ ಅನ್ನುವ ಜಡ್ಜು, ಎಲೆಕ್ಷನ್ನಲ್ಲಿ ಇಂದಿರಾ ಎದುರು ಸೋತಿದ್ದ ರಾಜ್ ನಾರಾಯಣ್ ಹಾಕಿದ ಕೇಸಲ್ಲಿ, ರಾಯ್‌ಬರೇಲಿಯಿಂದ ಇಂದಿರಾ ಗಾಂಧಿ ಗೆದ್ದದ್ದು ಊರ್ಜಿತ ಅಲ್ಲ ಅಂತ ತೀರ್ಪು ಕೊಟ್ರು. ಸುಪ್ರೀಂ ಕೋರ್ಟಿಂದ ಷರತ್ತಿನ ಸ್ಟೇ ಸಿಕ್ಕಿತು, ಅದೂ ಪೂರ್ತಿ ಅಲ್ಲ. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದ್ರು, ಸಂವಿಧಾನದ 352ನೇ ವಿಧಿಯಲ್ಲಿ "ಆಂತರಿಕ ಗಲಭೆ" ಅನ್ನುವ ಕಾರಣ ತೋರಿಸಿ ಇಡೀ ದೇಶಕ್ಕೆ ತುರ್ತು ಪರಿಸ್ಥಿತಿ. ಮಾರನೇ ದಿನ ಬೆಂಗಳೂರಲ್ಲಿದ್ದ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಎಲ್ಲ ಅರೆಸ್ಟ್, ಅವರನ್ನು ಇಟ್ಟ ಸೆಂಟ್ರಲ್ ಜೈಲೇ ಈಗ ಫ್ರೀಡಂ ಪಾರ್ಕ್. ಅಲ್ಲಿಂದ 21 ತಿಂಗಳು ಮೀಸಾ (ವಿಚಾರಣೆ ಇಲ್ಲದೆ ಬಂಧಿಸಿಡುವ ಕಾಯ್ದೆ), ಡಿಐಆರ್ (ಭಾರತ ರಕ್ಷಣಾ ನಿಯಮ) ಅಂತ ಹಾಕಿ ದೇಶದಲ್ಲಿ ಒಂದು ಲಕ್ಷದ ಮೇಲೆ ಜನರನ್ನು ಒಳಗೆ ಹಾಕಿದ್ರು, ಪೇಪರಿಗೆ ಸೆನ್ಸಾರ್, ಮೀಟಿಂಗ್ ಮಾಡುವ ಹಾಗಿಲ್ಲ.

ಇಷ್ಟು ಎಲ್ಲರೂ ಹೇಳ್ತಾರೆ. ಯಾರೂ ಸರಿಯಾಗಿ ಹೇಳದ ಭಾಗ ಕೋರ್ಟಿನದ್ದು, ಮತ್ತು ನನ್ನ ಪ್ರಕಾರ ಅದೇ ಮುಖ್ಯ. ನಿಮ್ಮ ಮನೆಯವರನ್ನು ಪೊಲೀಸ್ರು ರಾತ್ರಿ ಬಂದು ಕರ್ಕೊಂಡು ಹೋದ್ರು ಅಂತಿಟ್ಟುಕೊಳ್ಳಿ, ಯಾಕೆ ಎಲ್ಲಿಗೆ ಅಂತ ಹೇಳುವುದಿಲ್ಲ, ಆಗ ಎಂತ ಮಾಡ್ತೀರಿ? ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕ್ತೀರಿ, ಕೋರ್ಟು ಸರ್ಕಾರಕ್ಕೆ ಹೇಳ್ತದೆ, ಆ ಮನುಷ್ಯನನ್ನು ತಂದು ನಮ್ಮೆದುರು ನಿಲ್ಲಿಸಿ, ಯಾವ ಕಾನೂನಲ್ಲಿ ಹಿಡಿದದ್ದು ತೋರಿಸಿ ಅಂತ. ಬಡವನಿಗೂ ಇರುವ ಕೊನೆಯ ದಾರಿ ಅದು. ಎಮರ್ಜೆನ್ಸಿ ಹಾಕಿ ಎರಡೇ ದಿನಕ್ಕೆ, ಜೂನ್ 27ಕ್ಕೆ, ಇನ್ನೊಂದು ಆದೇಶ ಬಂತು: 14, 21, 22ನೇ ವಿಧಿಗಳ ಹಕ್ಕು ಕೇಳಿಕೊಂಡು ಯಾರೂ ಕೋರ್ಟಿಗೆ ಹೋಗುವ ಹಾಗಿಲ್ಲ. 21 ಅಂದ್ರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು. ಹೈಕೋರ್ಟುಗಳು ಸುಮ್ಮನೆ ಕೂತುಕೊಳ್ಳಲಿಲ್ಲ ಅನ್ನುವುದನ್ನು ಒಪ್ಪಬೇಕು, ಒಂಬತ್ತು ಹೈಕೋರ್ಟುಗಳು "ಇಲ್ಲ, ಬಂಧನ ಕಾನೂನು ಪ್ರಕಾರ ಉಂಟಾ ಅಂತ ನಾವು ನೋಡ್ಬಹುದು" ಅನ್ನುವ ಅರ್ಥದಲ್ಲಿ ತೀರ್ಪು ಕೊಟ್ವು. ಸರ್ಕಾರ ಅಪೀಲಿಗೆ ಹೋಯ್ತು. 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟಿನ ಐದು ಜಡ್ಜುಗಳಲ್ಲಿ ನಾಲ್ವರು ಸರ್ಕಾರದ ಪರ ನಿಂತ್ರು. ಎಡಿಎಂ ಜಬಲ್ಪುರ್ ಕೇಸು ಅಂತ ಹೇಳ್ತಾರಲ್ವಾ, ಅದೇ. ವಾದ ನಡೆಯುವಾಗ ಜಸ್ಟಿಸ್ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ಹತ್ರ ಒಂದು ಪ್ರಶ್ನೆ ಕೇಳಿದ್ರು, ಒಬ್ಬ ಪೊಲೀಸ್ ವೈಯಕ್ತಿಕ ದ್ವೇಷಕ್ಕೆ ಒಬ್ಬನನ್ನು ಕೊಂದ್ರೆ ಅದಕ್ಕೂ ಪರಿಹಾರ ಇಲ್ವಾ ಅಂತ. ಎಮರ್ಜೆನ್ಸಿ ಇರುವವರೆಗೆ ಇಲ್ಲ ಅನ್ನುವುದೇ ಉತ್ತರ. ಭಿನ್ನ ತೀರ್ಪು ಬರೆದದ್ದು ಖನ್ನಾ ಒಬ್ಬರೇ, ಅದರ ಫಲ 1977ರ ಜನವರಿಯಲ್ಲಿ ಸಿಕ್ಕಿತು, ಸೀನಿಯಾರಿಟಿಯಲ್ಲಿ ಚೀಫ್ ಜಸ್ಟಿಸ್ ಆಗ್ಬೇಕಿದ್ದವರನ್ನು ಬಿಟ್ಟು ಅವರಿಗಿಂತ ಕಿರಿಯರಾದ ಬೇಗ್ ಅವರನ್ನು ಮಾಡಿದ್ರು, ಖನ್ನಾ ರಾಜೀನಾಮೆ ಬಿಸಾಡಿ ಹೋದ್ರು.

ಜಡ್ಜುಗಳನ್ನು ಹೀಗೆ ಹಾರಿಸುವುದು ಅದೇ ಮೊದಲಲ್ಲ, ಮತ್ತು ಇಲ್ಲಿ ನಮ್ಮ ಕರಾವಳಿ ಎರಡು ಸಲ ಬರ್ತದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂ ಸುಧಾರಣೆ ಕಾಯ್ದೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು, 13 ಜಡ್ಜುಗಳು 68 ದಿನ ಕೇಳಿದ್ರು, 1973ರ ಏಪ್ರಿಲ್ 24ಕ್ಕೆ 7-6ರಲ್ಲಿ ತೀರ್ಪು ಬಂತು: ಪಾರ್ಲಿಮೆಂಟು ಸಂವಿಧಾನವನ್ನು ತಿದ್ಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ. ಸ್ವಾಮೀಜಿಗೆ ಜಾಗ ವಾಪಸ್ ಸಿಗ್ಲಿಲ್ಲ, ದೇಶಕ್ಕೆ ಒಂದು ತಡೆಗೋಡೆ ಸಿಕ್ಕಿತು. ಆ ಬೆನ್ನಿಗೇ ಬಹುಮತದ ಕಡೆ ಇದ್ದ ಮೂವರು ಸೀನಿಯರ್ ಜಡ್ಜುಗಳನ್ನು ಬಿಟ್ಟು ಎ.ಎನ್. ರೇ ಅವರನ್ನು ಚೀಫ್ ಜಸ್ಟಿಸ್ ಮಾಡಿದ್ರು, ಹಾಗೆ ಬಿಟ್ಟ ಮೂವರಲ್ಲಿ ಒಬ್ಬರು ಕಾರ್ಕಳ ಕಡೆಯ ಕೌಡೂರಿನ ಕೆ.ಎಸ್. ಹೆಗ್ಡೆ. ಹೌದು, ನಿಟ್ಟೆ ಸಂಸ್ಥೆ ಕಟ್ಟಿದ ಅದೇ ಹೆಗ್ಡೆಯವರು. ಅವರೂ ರಾಜೀನಾಮೆ ಕೊಟ್ಟು ಬಂದ್ರು, 1977ರಲ್ಲಿ ಬೆಂಗಳೂರು ದಕ್ಷಿಣಕ್ಕೆ, ಇಂದಿರಾ ವಿರೋಧಿಗಳೆಲ್ಲ ಸೇರಿ ಕಟ್ಟಿದ ಜನತಾ ಪಾರ್ಟಿಯಿಂದ ನಿಂತು ಗೆದ್ರು, ಕರ್ನಾಟಕದಲ್ಲಿ ಕಾಂಗ್ರೆಸ್ ಸೋತ ಎರಡೇ ಎರಡು ಸೀಟಲ್ಲಿ ಅದೊಂದು, ಅದೇ ಜುಲೈಯಲ್ಲಿ ಲೋಕಸಭೆಯ ಸ್ಪೀಕರ್ ಕೂಡ ಆದ್ರು. ಈ ಕತೆಯನ್ನು ನಮ್ಮ ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲ ಅಂತ ನನಗೆ ಅರ್ಥ ಆಗುವುದಿಲ್ಲ, ಸಿವಿಕ್ಸ್ ಪಾಠದ ಅರ್ಧ ಪಾತ್ರಗಳು ಬಸ್ಸಿಗೆ ಹತ್ತಿದ್ರೆ ಹೋಗಿ ಮುಟ್ಟುವ ಊರಿನವರು.

ಇನ್ನು ಎಲೆಕ್ಷನ್ನು. ನಿಜ ಹೇಳ್ಬೇಕಂದ್ರೆ 1976ರಲ್ಲೇ ಆಗ್ಬೇಕಿತ್ತು, ಲೋಕಸಭೆಯ ಅವಧಿಯನ್ನು ಎಳೆದು ಎಳೆದು ಮುಂದೆ ಹಾಕಿದ್ರು, 42ನೇ ತಿದ್ದುಪಡಿಯಲ್ಲಿ ಐದು ವರ್ಷದ ಅವಧಿಯನ್ನೇ ಆರು ಮಾಡಿದ್ರು. ಮತ್ತೆ 1977ರ ಜನವರಿ 18ಕ್ಕೆ ಇಂದಿರಾ ಗಾಂಧಿ ರೇಡಿಯೋದಲ್ಲಿ ಎಲೆಕ್ಷನ್ ಅನೌನ್ಸ್ ಮಾಡಿದ್ರು, ಯಾಕೆ ಮಾಡಿದ್ರು ಅಂತ ಜನ ಈಗಲೂ ಜಗಳ ಆಡ್ತಾರೆ, ನಮಗೆ ಅದು ಬೇಡ. ಮಾರ್ಚ್ 16ರಿಂದ 20, ಓಟು 60 ಪರ್ಸೆಂಟ್ ಚಿಲ್ಲರೆ. ಜನತಾ ಪಾರ್ಟಿಗೆ 295, ಕಾಂಗ್ರೆಸ್ಸಿಗೆ 154, ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯೇ ರಾಜ್ ನಾರಾಯಣ್ ಎದುರು ಸೋತ್ರು. ಗಮನಿಸಿ, ಜನ ಲೈನಲ್ಲಿ ನಿಂತು ಓಟು ಹಾಕುವಾಗ ಎಮರ್ಜೆನ್ಸಿ ಇನ್ನೂ ಇತ್ತು! ಮಾರ್ಚ್ 21ಕ್ಕೆ ತೆಗೆದದ್ದು.

ಹಾಗಾದ್ರೆ ನಮ್ಮ ಕರಾವಳಿಯವರಿಗೆ ಎಂತ ಆಗಿತ್ತು, ಸ್ವಾತಂತ್ರ್ಯದ ಬೆಲೆ ಗೊತ್ತಿರ್ಲಿಲ್ವಾ? ಉತ್ತರ ಭಾರತದವರು ಆಗ ದಕ್ಷಿಣದ ಬಗ್ಗೆ ಹೀಗೇ ಮಾತಾಡಿದ್ರು, ಈಗಲೂ ಕೆಲವರು ಮಾತಾಡ್ತಾರೆ. ನನಗೆ ಅದು ಒಪ್ಪಿಗೆ ಆಗುವುದಿಲ್ಲ. ಇಲ್ಲಿ ಕಾಂಗ್ರೆಸ್ಸಿನ ದೇವರಾಜ ಅರಸು ಸರ್ಕಾರ ತಂದ ಭೂ ಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು, ಗೇಣಿಯೇ ರದ್ದು, ಉಳುವವನೇ ಒಡೆಯ. ಇಡೀ ರಾಜ್ಯದಲ್ಲಿ ಗೇಣಿ ಒಕ್ಕಲು ತುಂಬ ಹೆಚ್ಚಿದ್ದ ಜಿಲ್ಲೆ ನಮ್ಮದು, ಆಗ ಉಡುಪಿಯೂ ಸೇರಿ ಒಂದೇ ದಕ್ಷಿಣ ಕನ್ನಡ. ಫಾರಂ 7ರಲ್ಲಿ ಡಿಕ್ಲರೇಶನ್ ಹಾಕಿ ಟ್ರಿಬ್ಯುನಲ್ ಎದುರು ನಿಂತು, ತಲೆತಲಾಂತರದಿಂದ ಧನಿಗಳ ಮನೆಗೆ ಅಕ್ಕಿ ಮುಡಿ ಹೊತ್ತವರ ಹೆಸರಿಗೆ ಗದ್ದೆ ಬಂತು. ಈಗಲೂ ನಮ್ಮಲ್ಲಿ "ಅದು ಡಿಕ್ಲರೇಶನ್ ಜಾಗ" ಅಂತ ಹೇಳುವುದು ಕೇಳ್ತದಲ್ವಾ. ಎಮರ್ಜೆನ್ಸಿಯ ವರ್ಷಗಳೂ ಆ ಟ್ರಿಬ್ಯುನಲ್ಲುಗಳ ವರ್ಷಗಳೂ ಒಂದೇ. ಒಬ್ಬ ಒಕ್ಕಲಿನವನ ಕಡೆಯಿಂದ ನೋಡಿ, ಧನಿಗಳ ಎದುರು ತಲೆ ಎತ್ತಿ ನಿಲ್ಲುವ ಹಕ್ಕು ಅವನಿಗೆ ಮೊದಲನೇ ಸಲ ಸಿಕ್ಕಿದ್ದೇ ಆಗ, ದಿಲ್ಲಿಯ ಪೇಪರಿನ ಸೆನ್ಸಾರು ಅವನ ಗದ್ದೆವರೆಗೆ ಬರ್ಲಿಲ್ಲ, ಮಕ್ಕಳಾಗದ ಹಾಗೆ ಬಲವಂತವಾಗಿ ಮಾಡುವ ಆಪರೇಷನ್ನಿನ ಹಾವಳಿ ಉತ್ತರದಲ್ಲಿ ಆದಷ್ಟು ಇಲ್ಲಿ ಆಗ್ಲಿಲ್ಲ, ಹಾಗಿರುವಾಗ ಅವ ಜಾಗ ಕೊಟ್ಟವರಿಗೆ ಓಟು ಹಾಕದೆ ಮತ್ಯಾರಿಗೆ ಹಾಕುವುದು?

ಅದೇ ಹೊತ್ತಿಗೆ ಇಲ್ಲಿಯೂ ಜೈಲಿಗೆ ಹೋದವರಿದ್ರು, ಅವರ ಮನೆಯವರು ಕಣ್ಣೀರು ಹಾಕಿದ್ರು, ಅದೂ ಸುಳ್ಳಲ್ಲ. ಬೆಂಗಳೂರಲ್ಲಿ ಜಾರ್ಜ್ ಅವರ ತಮ್ಮ ಲಾರೆನ್ಸ್ ಅವರನ್ನು ಅಣ್ಣ ಎಲ್ಲಿದ್ದಾನೆ ಹೇಳು ಅಂತ ಪೊಲೀಸ್ರು ಹಿಂಸೆ ಕೊಟ್ಟದ್ದು, ನಟಿ ಸ್ನೇಹಲತಾ ರೆಡ್ಡಿ ಜೈಲಲ್ಲೇ ಕಾಯಿಲೆ ಜೋರಾಗಿ ಪೆರೋಲಲ್ಲಿ ಹೊರಗೆ ಬಂದ ಕೆಲವೇ ದಿನಕ್ಕೆ ತೀರಿಹೋದದ್ದು, ಎಲ್ಲ ಇದೇ ರಾಜ್ಯದಲ್ಲಿ, ಇದೇ ಅರಸು ಸರ್ಕಾರ ಇರುವಾಗ. ಒಂದೇ ಸರ್ಕಾರ ಒಬ್ಬನಿಗೆ ಗದ್ದೆ ಕೊಟ್ಟಿತು, ಇನ್ನೊಬ್ಬನ ಮೈಮುರಿಯಿತು. ಎರಡರಲ್ಲಿ ಒಂದನ್ನು ಮುಚ್ಚಿಟ್ಟು 1977ರ ಕತೆ ಹೇಳುವವರನ್ನು, ಯಾವ ಪಾರ್ಟಿಯವರೇ ಆಗ್ಲಿ, ನಂಬ್ಬೇಡಿ.

ಈಗ ಎಲೆಕ್ಷನ್ನಿಂದ ನಿಜವಾಗಿ ಬದಲಾದದ್ದು ಎಂತ ಅಂತ ನೋಡ್ಲಿಕ್ಕೆ ಮಂಗಳೂರಿಂದ ರೈಲು ಹತ್ತಿ ಕೋಝಿಕ್ಕೋಡಿಗೆ ಹೋಗ್ಬೇಕು. ನಮ್ಮ ಸುರತ್ಕಲ್ಲಿನ ಕೆಆರ್‌ಇಸಿ, ಅಂದ್ರೆ ಈಗಿನ ಎನ್‌ಐಟಿಕೆ, ಹಾಗೇ ಅಲ್ಲಿ ಒಂದು ರೀಜನಲ್ ಇಂಜಿನಿಯರಿಂಗ್ ಕಾಲೇಜು. ಅಲ್ಲಿ ಓದ್ತಿದ್ದ ಪಿ. ರಾಜನ್ ಅನ್ನುವ ಹುಡುಗನನ್ನು 1976ರ ಮಾರ್ಚ್ 1ಕ್ಕೆ ಪೊಲೀಸ್ರು ಎತ್ಕೊಂಡು ಹೋದ್ರು, ನಕ್ಸಲ್ ಕೇಸಿನ ಅನುಮಾನ. ಕಕ್ಕಯಂ ಕ್ಯಾಂಪಲ್ಲಿ ಹಿಂಸೆ ಕೊಟ್ಟು ಕೊಂದ್ರು, ಹೆಣ ಕೂಡ ಮನೆಯವರಿಗೆ ಸಿಗ್ಲಿಲ್ಲ. ಅಪ್ಪ ಈಚರ ವಾರಿಯರ್ ಮಂತ್ರಿಗಳ ಮನೆ, ಪೊಲೀಸ್ ಆಫೀಸು, ಜೈಲು ಅಂತ ಒಂದು ವರ್ಷ ಅಲೆದ್ರು. ಕೋರ್ಟಿಗೆ ಹೋಗುವ ದಾರಿ ಮುಚ್ಚಿತ್ತು. ಎಮರ್ಜೆನ್ಸಿ ತೆಗೆದ ಕೂಡಲೇ ಅದೇ ಮಾರ್ಚಲ್ಲಿ ಕೇರಳ ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್ ಹಾಕಿದ್ರು. ಸರ್ಕಾರ ಹುಡುಗನನ್ನು ತಂದು ನಿಲ್ಲಿಸ್ಬೇಕು, ಎಲ್ಲಿಂದ ತರುವುದು? ಎಮರ್ಜೆನ್ಸಿಯಲ್ಲಿ ಅಲ್ಲಿಯ ಗೃಹ ಮಂತ್ರಿ ಆಗಿದ್ದು ಆಗಷ್ಟೇ ಮುಖ್ಯಮಂತ್ರಿ ಆಗಿದ್ದ ಕೆ. ಕರುಣಾಕರನ್ ಒಂದೇ ತಿಂಗಳಲ್ಲಿ, ಏಪ್ರಿಲ್ 25ಕ್ಕೆ, ಕುರ್ಚಿ ಬಿಡ್ಬೇಕಾಯ್ತು. ಇದರಲ್ಲಿ ಸ್ವಾರಸ್ಯ ಎಂತ ಅಂದ್ರೆ ಕೇರಳದಲ್ಲಿ ಆ ಸಲ 20ಕ್ಕೆ 20 ಲೋಕಸಭಾ ಸೀಟು ಕಾಂಗ್ರೆಸ್ ಕೂಟಕ್ಕೇ ಬಂದದ್ದು. ಅಂದ್ರೆ ಬಿಹಾರ, ಯುಪಿಯಲ್ಲಿ ಜನ ಹಾಕಿದ ಓಟಿಂದ ಕೇರಳದ ಒಬ್ಬ ಅಪ್ಪನಿಗೆ ಕೋರ್ಟಿನ ಬಾಗಿಲು ತೆರೀತು, ಹುಡುಗ ಹೋದ ಮೇಲೆ ಅನ್ನುವುದು ಬೇರೆ ಮಾತು.

ಬಾಗಿಲು ತೆರೆದ ಮೇಲೆ ಇನ್ನೊಮ್ಮೆ ಮುಚ್ಚದ ಹಾಗೆ ಚಿಲಕ ಬದಲಿಸುವ ಕೆಲಸವೂ ಆಯ್ತು, 44ನೇ ತಿದ್ದುಪಡಿ, 1978. ಸ್ಪೀಕರ್ ಕುರ್ಚಿಯಲ್ಲಿ ಇದ್ದದ್ದು ನಮ್ಮ ಕೆ.ಎಸ್. ಹೆಗ್ಡೆ. "ಆಂತರಿಕ ಗಲಭೆ" ಅನ್ನುವ ರಬ್ಬರಿನ ಹಾಗೆ ಎಳೆಯುವ ಕಾರಣವನ್ನು ತೆಗೆದು "ಸಶಸ್ತ್ರ ದಂಗೆ" ಅಂತ ಮಾಡಿದ್ರು. 1975ರಲ್ಲಿ ಮಂತ್ರಿಮಂಡಲಕ್ಕೆ ವಿಷಯ ಗೊತ್ತಾದದ್ದೇ ಸಹಿ ಆದ ಮೇಲೆ, ಬೆಳಿಗ್ಗೆ, ಹಾಗಾಗಿ ಇನ್ನು ಮೇಲೆ ಇಡೀ ಕ್ಯಾಬಿನೆಟ್ಟಿನ ತೀರ್ಮಾನ ಬರವಣಿಗೆಯಲ್ಲಿ ಬರ್ಬೇಕು ಅಂತ ಹಾಕಿದ್ರು, ಒಂದು ತಿಂಗಳೊಳಗೆ ಪಾರ್ಲಿಮೆಂಟಿನ ಎರಡೂ ಸದನ ವಿಶೇಷ ಬಹುಮತದಲ್ಲಿ ಒಪ್ಬೇಕು. ಲೋಕಸಭೆಯ ಅವಧಿ ವಾಪಸ್ ಐದು ವರ್ಷ. ಎಲ್ಲದಕ್ಕಿಂತ ದೊಡ್ಡದು, ಎಮರ್ಜೆನ್ಸಿ ಬಂದ್ರೂ 20 ಮತ್ತು 21ನೇ ವಿಧಿಗಳನ್ನು ಅಮಾನತು ಮಾಡ್ಲಿಕ್ಕೆ ಆಗುವುದಿಲ್ಲ. ಇದೇ ತಿದ್ದುಪಡಿಯಲ್ಲಿ ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದ್ರು, ಅಂದ್ರೆ ಎಡನೀರಿನ ಸ್ವಾಮೀಜಿಗಳ ಕೇಸಿನ ಆರಂಭದ ಪ್ರಶ್ನೆಗೂ ನಮ್ಮ ಡಿಕ್ಲರೇಶನ್ ಜಾಗದವರಿಗೂ ಅಲ್ಲಿ ಒಂದು ಕೊನೆ ಮುಟ್ಟಿತು. ಕರಾವಳಿಯ ಒಕ್ಕಲಿನವನಿಗೆ ತಾನು ಓಟು ಹಾಕದ ಸರ್ಕಾರದಿಂದ ಎರಡು ಲಾಭ, ಯಾರಾದ್ರೂ ಎಳ್ಕೊಂಡು ಹೋದ್ರೆ ಕೋರ್ಟಿಗೆ ಹೋಗುವ ದಾರಿ, ಜತೆಗೆ ಜಮೀನ್ದಾರನ ಆಸ್ತಿ ಹಕ್ಕಿನ ವಾದ ಸಡಿಲ.

ಜನತಾದವರೂ ಸಾಚಾ ಏನಲ್ಲ. ಬಂದ ವರ್ಷವೇ ಇಂದಿರಾ ಗಾಂಧಿಯ ಸೊಸೆ ಮೇನಕಾ ಗಾಂಧಿಯ ಪಾಸ್‌ಪೋರ್ಟ್ ಕಸಿದ್ರು, ಕಾರಣ ಹೇಳ್ಲಿಲ್ಲ. ಅವರು ಕೋರ್ಟಿಗೆ ಹೋದ್ರು, 1978ರ ಜನವರಿ 25ರ ಆ ತೀರ್ಪಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ವಿದೇಶಕ್ಕೆ ಹೋಗುವ ಸ್ವಾತಂತ್ರ್ಯವೂ 21ನೇ ವಿಧಿಯ ಒಳಗೆ ಬರ್ತದೆ, ಅದನ್ನು ಕಸಿಯುವ ಕ್ರಮ ನ್ಯಾಯವಾಗಿರ್ಬೇಕು, ಮನಸ್ಸಿಗೆ ಬಂದ ಹಾಗೆ ಮಾಡುವ ಹಾಗಿಲ್ಲ. ಮನೆಗೊಬ್ಬರು ಗಲ್ಫಲ್ಲಿರುವ ನಮ್ಮ ಊರಿಗೆ ಈ ತೀರ್ಪು ಎಷ್ಟು ಹತ್ತಿರದ್ದು ಯೋಚನೆ ಮಾಡಿ! ಎಡಿಎಂ ಜಬಲ್ಪುರ್ ತೀರ್ಪನ್ನು ಬಾಯಿಬಿಟ್ಟು ತಪ್ಪು ಅಂತ ಹೇಳ್ಲಿಕ್ಕೆ ಮಾತ್ರ ಸುಪ್ರೀಂ ಕೋರ್ಟಿಗೆ 2017 ಆಗ್ಬೇಕಾಯ್ತು, ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜು ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಪ್ರೈವಸಿ ಕೇಸಲ್ಲಿ, ಅಪ್ಪ ವೈ.ವಿ. ಚಂದ್ರಚೂಡ್ ಸೇರಿ ಕೊಟ್ಟ ತೀರ್ಪನ್ನು ಮಗ ಡಿ.ವೈ. ಚಂದ್ರಚೂಡ್ ಅವರೇ ತಳ್ಳಿಹಾಕಿ ಬರೆದ್ರು.

ಇನ್ನು ಯುವಕರ ವಿಷಯ. ಇಡೀ ಗಲಾಟೆ ಶುರುವಾದದ್ದೇ ಸ್ಟೂಡೆಂಟ್ಸಿಂದ ಮಾರಾಯ್ರೆ, ಅದೂ ಮೆಸ್ ಬಿಲ್ಲಿಗೆ! 1973ರ ಡಿಸೆಂಬರಲ್ಲಿ ಅಹಮದಾಬಾದಿನ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಲ್ಲಿ ಊಟದ ಬಿಲ್ಲು ಜಾಸ್ತಿ ಮಾಡಿದ್ರು, ಹುಡುಗರು ರೊಚ್ಚಿಗೆದ್ರು, ಅದು ಬೆಲೆಯೇರಿಕೆ, ಭ್ರಷ್ಟಾಚಾರ ಅಂತ ಬೆಳೆದು ನವನಿರ್ಮಾಣ ಚಳವಳಿ ಆಯ್ತು, ಎರಡು ತಿಂಗಳಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ. ಅದನ್ನು ನೋಡಿ ಬಿಹಾರದ ವಿದ್ಯಾರ್ಥಿಗಳು 1974ರ ಮಾರ್ಚಲ್ಲಿ ಬೀದಿಗೆ ಬಂದ್ರು, ಜಯಪ್ರಕಾಶ್ ನಾರಾಯಣ್ ಹತ್ರ ಹೋಗಿ ನೀವು ಮುಂದೆ ನಿಲ್ಲಿ ಅಂತ ಕೇಳಿದ್ರು. ಮುಂದೆ ಎಮರ್ಜೆನ್ಸಿಯಲ್ಲಿ ಲಾಠಿ ತಿಂದದ್ದು, ಕಳ್ಳತನದಲ್ಲಿ ಕರಪತ್ರ ಹಂಚಿದ್ದು, ಜೈಲಿಗೆ ಹೋದದ್ದು ಎಷ್ಟೋ ಕಾಲೇಜು ಹುಡುಗರೇ.

ಮತ್ತೆ ಓಟಿನ ದಿನ ಬಂದಾಗ? ಆಗ ವೋಟಿಂಗ್ ಏಜು 21. 1956 ಜನವರಿ 1ರ ನಂತರ ಹುಟ್ಟಿದವರಿಗೆ 1977ರಲ್ಲಿ ಓಟೇ ಇಲ್ಲ. 19 ವರ್ಷದ ಹುಡುಗನನ್ನು ದೇಶಕ್ಕೆ ಅಪಾಯಕಾರಿ ಅಂತ ಮೀಸಾದಲ್ಲಿ ಒಳಗೆ ಹಾಕ್ಬಹುದು, ಅವನ ಹೆಸರು ಮಾತ್ರ ವೋಟರ್ ಲಿಸ್ಟಲ್ಲಿ ಇರುವ ಹಾಗಿಲ್ಲ. ಬ್ರಿಟನ್‌ನಲ್ಲಿ 1969ರಲ್ಲಿ, ಅಮೆರಿಕದಲ್ಲಿ 1971ರಲ್ಲೇ 18 ಆಗಿತ್ತು, ವಿಯೆಟ್ನಾಂ ಯುದ್ಧಕ್ಕೆ ಕಳಿಸುವಾಗ ದೊಡ್ಡವರು, ಓಟಿಗೆ ಮಾತ್ರ ಚಿಕ್ಕವರಾ ಅಂತ ಅಲ್ಲಿಯ ಹುಡುಗರು ಕೇಳಿದ್ರು. ನಮ್ಮಲ್ಲಿ 1988ರ ಡಿಸೆಂಬರಲ್ಲಿ ರಾಜೀವ್ ಗಾಂಧಿ ಸರ್ಕಾರ 326ನೇ ವಿಧಿಯಲ್ಲಿ 21 ಇದ್ದಲ್ಲಿ 18 ಮಾಡುವ ಮಸೂದೆ ತಂತು, ಅದು 61ನೇ ತಿದ್ದುಪಡಿ ಆಗಿ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1989ರ ಮಾರ್ಚ್ 28ಕ್ಕೆ. ಕೆಲವು ರಾಜ್ಯಗಳು ಸ್ಥಳೀಯ ಚುನಾವಣೆಗೆ ಅದಕ್ಕೂ ಮೊದಲೇ 18 ಇಟ್ಟಾಗಿತ್ತು. ಒಂದೇ ಏಟಿಗೆ ಕೋಟಿಗಟ್ಟಲೆ ಹೊಸ ವೋಟರ್ಸ್.

ಅವರು ಎಂತ ಮಾಡಿದ್ರು ಅಂತ ಕೇಳಿದ್ರೆ, ಓಟು ಕೊಟ್ಟ ಸರ್ಕಾರವೇ ಅದೇ ವರ್ಷ ನವೆಂಬರಲ್ಲಿ ಬಿತ್ತು. 400 ದಾಟಿದ್ದ ಕಾಂಗ್ರೆಸ್ 197ಕ್ಕೆ ಇಳೀತು. ಕರ್ನಾಟಕ ಇನ್ನೊಮ್ಮೆ ಉಲ್ಟಾ, 28ರಲ್ಲಿ 27 ಕಾಂಗ್ರೆಸ್ಸಿಗೆ, ಮಂಗಳೂರಲ್ಲಿ ಪೂಜಾರಿ, ಉಡುಪಿಯಲ್ಲಿ ಆಸ್ಕರ್ ಫರ್ನಾಂಡಿಸ್. ಅದಕ್ಕೇ "ಯುವ ಮತದಾರರು ಹೀಗೆ ಯೋಚಿಸ್ತಾರೆ" ಅಂತ ಟಿವಿಯಲ್ಲಿ ಕೂತು ಹೇಳುವವರನ್ನು ನೋಡಿದ್ರೆ ನನಗೆ ನಗು ಬರ್ತದೆ. ಪಾಟ್ನಾದ 18ರ ಹುಡುಗನಿಗೂ ಪಡುಬಿದ್ರಿಯ 18ರ ಹುಡುಗಿಗೂ ವಯಸ್ಸು ಬಿಟ್ರೆ ಬೇರೆ ಎಂತ ಒಂದೇ ರೀತಿ ಉಂಟು?

ಕಾನೂನಲ್ಲಿ ಇನ್ನೂ ಕೆಲವು ವಿಚಿತ್ರ ಉಳಿದಿವೆ. 18ಕ್ಕೆ ಓಟು ಹಾಕ್ಬಹುದು, ಪಂಚಾಯತಿಗೆ ನಿಲ್ಲ್ಬೇಕಂದ್ರೆ 21, ಎಂಎಲ್‌ಎಗೆ, ಲೋಕಸಭೆಗೆ 25. ಜೈಲಲ್ಲಿರುವವರು ಓಟು ಹಾಕುವ ಹಾಗಿಲ್ಲ, ಜನತಾ ಪ್ರಾತಿನಿಧ್ಯ ಕಾಯ್ದೆ 1951ರ 62(5) ಅಂತ ಒಂದು ಸೆಕ್ಷನ್ ಉಂಟು, ಕೇಸು ಇನ್ನೂ ನಡೀತಾ ಇರುವ ವಿಚಾರಣಾಧೀನ ಕೈದಿಗೂ ಇಲ್ಲ. ಮೀಸಾದ ಹಾಗಿನ ಮುನ್ನೆಚ್ಚರಿಕೆ ಬಂಧನದಲ್ಲಿ ಇದ್ದವರಿಗೆ ಮಾತ್ರ ವಿನಾಯಿತಿ. ಲೆಕ್ಕ ಹಾಕಿ ನೋಡಿ, 1977ರಲ್ಲಿ ಬರೋಡಾ ಡೈನಾಮೈಟ್ ಕೇಸಿನ (ಸರ್ಕಾರದ ವಿರುದ್ಧ ಡೈನಾಮೈಟ್ ಸಂಗ್ರಹಿಸಿದ ಆರೋಪ) ವಿಚಾರಣಾಧೀನ ಕೈದಿ ಜಾರ್ಜ್ ಫರ್ನಾಂಡಿಸ್ ಎಲೆಕ್ಷನ್ನಿಗೆ ನಿಲ್ಲ್ಬಹುದಿತ್ತು, ಗೆದ್ದು ಮಂತ್ರಿಯೂ ಆಗ್ಬಹುದಿತ್ತು, ಆದ್ರು ಕೂಡ, ಓಟು ಹಾಕುವ ಹಕ್ಕು ಮಾತ್ರ ಇರ್ಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಓಟಿಲ್ಲದವ ನಿಲ್ಲುವ ಹಾಗೂ ಇಲ್ಲ ಅಂತ ಹೇಳಿತ್ತು, ಪಾರ್ಲಿಮೆಂಟು ಅದೇ ವರ್ಷ ಕಾಯ್ದೆ ತಿದ್ದಿ ನಿಲ್ಲುವ ಅವಕಾಶ ಉಳಿಸಿಕೊಂಡಿತು, ಪಾರ್ಟಿಗಳಿಗೆ ಅದು ಬೇಕಿತ್ತು. ವಿಚಾರಣಾಧೀನ ಕೈದಿಗಳಿಗೆ ಓಟು ಕೊಡುವ ವಿಷಯಕ್ಕೆ ಆ ಅವಸರ ಕಾಣ್ಲಿಲ್ಲ.

ಕೊನೆಗೆ ಇಲ್ಲಿ ಓದ್ತಿರುವವರಿಗೆ ಕೆಲಸಕ್ಕೆ ಬರುವ ಮಾಹಿತಿ, ಯಾಕಂದ್ರೆ ಮಣಿಪಾಲ, ಸುರತ್ಕಲ್, ಕೊಣಾಜೆ, ದೇರಳಕಟ್ಟೆ ಅಂತ ನಮ್ಮಲ್ಲಿ ಹಾಸ್ಟೆಲ್ ಮಕ್ಕಳೇ ರಾಶಿ. ಮೊದಲೆಲ್ಲ ಜನವರಿ 1ಕ್ಕೆ 18 ಆಗಿರ್ಬೇಕಿತ್ತು, ಜನವರಿ 2ಕ್ಕೆ ಹುಟ್ಟಿದವ ಒಂದು ವರ್ಷ ಕಾಯ್ಬೇಕು. 2021ರ ತಿದ್ದುಪಡಿಯಿಂದ ಈಗ ವರ್ಷಕ್ಕೆ ನಾಲ್ಕು ದಿನಾಂಕ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. 17 ತುಂಬಿದವರು ಮುಂಚಿತವಾಗಿ ಫಾರಂ 6 (ಹೊಸದಾಗಿ ಹೆಸರು ಸೇರಿಸುವ ಅರ್ಜಿ) ಹಾಕಿಡ್ಬಹುದು. ಹಾಸ್ಟೆಲಲ್ಲಿ ಇರುವವರು ಊರಿನ ಮನೆ ವಿಳಾಸದಲ್ಲೇ ಹೆಸರು ಇಟ್ಟುಕೊಳ್ಬಹುದು, ಇಲ್ಲ ಕೋರ್ಸು ಕನಿಷ್ಠ ಒಂದು ವರ್ಷದ್ದಾದ್ರೆ ಕಾಲೇಜಿಂದ ದೃಢೀಕರಣ ಪತ್ರ ತಂದು ಹಾಸ್ಟೆಲ್ ವಿಳಾಸದಲ್ಲಿ ಸೇರಿಸ್ಬಹುದು, ಎರಡರಲ್ಲಿ ಒಂದು ಮಾತ್ರ, ಎರಡೂ ಕಡೆ ಇಡುವುದು ಕಾನೂನಿಗೆ ವಿರುದ್ಧ. ಅದಾಗಲೇ ಊರಲ್ಲಿ ಹೆಸರಿದ್ದು ಇಲ್ಲಿಗೆ ತರ್ಬೇಕಂದ್ರೆ ಫಾರಂ 6 ಅಲ್ಲ, ಫಾರಂ 8. ಎಲೆಕ್ಷನ್ ಅನೌನ್ಸ್ ಆದ ಮೇಲೆ ನೋಡುವ ಅಂತ ಕೂತ್ರೆ ನಾಮಪತ್ರದ ಕೊನೇ ದಿನದೊಟ್ಟಿಗೆ ಲಿಸ್ಟೂ ಕ್ಲೋಸ್ ಆಗ್ತದೆ, ಅರ್ಜಿ ಪರಿಶೀಲನೆಗೆ ಸಮಯ ಬೇಕಾದ್ದರಿಂದ ಅದಕ್ಕೂ ಒಂದಷ್ಟು ದಿನ ಮೊದಲೇ ಹಾಕಿರ್ಬೇಕು.